ಕಾಡಿನಲ್ಲಿ ರಾತ್ರಿ ಕುದುರೆ ಕಟ್ಟುವುದು ಹೇಗೆ: ಮಿಷಿಗನ್‌ನಲ್ಲಿ ನಾನು ಬಳಸಿ ನೋಡಿದ ಐದು ಬಗೆ

ಕುದುರೆ ಜೊತೆ ಕ್ಯಾಂಪಿಂಗ್ ಹೋಗುತ್ತೇವೆ ಅಂದರೆ ಎಲ್ಲರೂ ಕೇಳುವುದು ಸವಾರಿಯ ಬಗ್ಗೆ. ದಾರಿ ಎಷ್ಟು ಮೈಲಿ, ಹೊಳೆ ದಾಟಬೇಕಾ, ಕರಡಿ ಸಿಗುತ್ತಾ. ಸವಾರಿ ದಿನಕ್ಕೆ ಐದಾರು ಗಂಟೆಯ ಮಾತು. ಉಳಿದ ಹೊತ್ತೆಲ್ಲ ಐನೂರು ಕಿಲೋ ತೂಗುವ, ಕಡ್ಡಿ ಮುರಿದ ಸದ್ದಿಗೂ ಓಡಲು ತಯಾರಾಗಿರುವ ಪ್ರಾಣಿಯನ್ನು ಬೇಲಿಯೇ ಇಲ್ಲದ ಕಾಡಿನಲ್ಲಿ ಒಂದು ಕಡೆ ನಿಲ್ಲಿಸಿಕೊಂಡಿರಬೇಕು. ಇದಕ್ಕೆ ಇರುವ ಉಪಾಯಗಳು ಹಲವು, ಒಬ್ಬೊಬ್ಬ ಸವಾರರೂ ತಮ್ಮದೇ ಸರಿ ಎಂದು ಆಣೆ ಮಾಡುತ್ತಾರೆ. ನಮ್ಮ ಎರಡು ಕುದುರೆಗಳ ಮೇಲೆ ಐದನ್ನೂ ಬಳಸಿ ನೋಡಿದ್ದೇನೆ.

ನಾವಿರುವುದು ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಕಡೆ. ಅಲ್ಲಿಂದ ಉತ್ತರಕ್ಕೆ ಮೂರು ನಾಲ್ಕು ಗಂಟೆ ಕುದುರೆ ಸಾಗಿಸುವ ಟ್ರೈಲರ್ ಎಳೆದುಕೊಂಡು ಹೋದರೆ ರಾಜ್ಯದ ಅರಣ್ಯಗಳು ಶುರು. ಮಿಷಿಗನ್ ಸರೋವರದ ದಡದ ಎಂಪೈರ್‌ನಿಂದ ಹ್ಯೂರಾನ್ ಸರೋವರದ ದಡದ ಆಸ್ಕೋಡಾ ತನಕ ‘ಶೋರ್ ಟು ಶೋರ್’ ಎಂಬ ಕುದುರೆ ದಾರಿ ಇದೆ, ಸುಮಾರು 220 ಮೈಲಿ. ಆ ದಾರಿಯಲ್ಲೂ ಅದರ ಕವಲುಗಳಲ್ಲೂ ಸವಾರರಿಗೆಂದೇ ಕ್ಯಾಂಪ್‌ಗಳಿವೆ. ನಾವು ಹೆಚ್ಚಾಗಿ ಇಳಿದುಕೊಳ್ಳುವುದು ಮ್ಯಾನಿಸ್ಟೀ ನದಿಯ ಪಕ್ಕದ ಗೂಸ್ ಕ್ರೀಕ್‌ನಲ್ಲಿ, ಬೋರ್ಡ್‌ಮನ್ ನದಿಯ ಶೆಕ್ಸ್ ಪ್ಲೇಸ್‌ನಲ್ಲಿ, ಪಿಜನ್ ರಿವರ್ ಕಂಟ್ರಿ ಅರಣ್ಯದ ಎಲ್ಕ್ ಹಿಲ್‌ನಲ್ಲಿ. ಕೈಪಂಪು, ಗುಂಡಿ ಪಾಯಿಖಾನೆ ಬಿಟ್ಟರೆ ಹೆಚ್ಚಿನ ಸೌಕರ್ಯ ನಿರೀಕ್ಷಿಸಬೇಡಿ.

ನಮ್ಮ ಗೌರಿ ಹದಿನೈದು ದಾಟಿದ ಕ್ವಾರ್ಟರ್ ಹಾರ್ಸ್ ತಳಿಯವಳು, ಹೆಣ್ಣು, ಜಗತ್ತೇ ಮುಳುಗಿದರೂ ಹುಲ್ಲು ಬಿಡುವವಳಲ್ಲ. ಇನ್ನೊಬ್ಬ ಡ್ಯೂಕ್, ಟೆನೆಸಿ ವಾಕರ್ ತಳಿ, ಬೀಜ ಒಡೆಸಿದ ಗಂಡು, ವಯಸ್ಸು ಚಿಕ್ಕದು, ಅನುಮಾನ ದೊಡ್ಡದು. ಒಂದೇ ವ್ಯವಸ್ಥೆ ಇಬ್ಬರಿಗೂ ಒಗ್ಗದೆ ಹೋದದ್ದರಿಂದಲೇ ಇಷ್ಟೆಲ್ಲ ಪ್ರಯೋಗ ನಡೆದದ್ದು.

ನನ್ನ ಅಳತೆಗೋಲು ಹೇಳಿಬಿಡುತ್ತೇನೆ, ಯಾಕೆಂದರೆ ಬೇರೆಯವರದು ಬೇರೆ ಇರುತ್ತದೆ. ತಪ್ಪಿಸಿಕೊಂಡು ಓಡಬಾರದು ಎಂಬುದು ಸರಿಯೇ. ಅದರ ಜೊತೆಗೆ, ಕುದುರೆ ಮಲಗಿತೇ ಎಂದು ನೋಡುತ್ತೇನೆ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಅನ್ನುವುದು ಅರ್ಧ ಸತ್ಯ. ಅದರ ಕಾಲಿನ ಸ್ನಾಯುರಜ್ಜು, ಅಸ್ಥಿರಜ್ಜುಗಳಿಗೆ ಕೀಲನ್ನು ಬಿಗಿಹಿಡಿಯುವ ಏರ್ಪಾಡಿದೆ, ನಿಂತಲ್ಲೇ ತೂಕಡಿಸಬಲ್ಲದು. ಆದರೆ ಕನಸು ಬೀಳುವ ಗಾಢ ನಿದ್ದೆಗೆ ಅದು ನೆಲಕ್ಕೆ ಮಲಗಲೇಬೇಕು, ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ. ಹಲವು ದಿನ ಅದು ಸಿಗದಿದ್ದರೆ ನಿಂತಲ್ಲೇ ಮಂಡಿ ಕುಸಿಯುತ್ತದೆ, ಬೆನ್ನ ಮೇಲೆ ಕೂತಿರುವವರಿಗೆ ಅದು ಒಳ್ಳೆಯ ಸುದ್ದಿಯಲ್ಲ. ಹಾಗಾಗಿ ಬೆಳಿಗ್ಗೆ ಕಾಫಿಗಿಂತ ಮುಂಚೆ ಇಬ್ಬರ ಪಕ್ಕೆ ನೋಡುತ್ತೇನೆ. ಮರಳು ಮೆತ್ತಿದ್ದರೆ ಮಲಗಿದ್ದಾರೆ.

ಟ್ರೈಲರ್‌ಗೆ ಕಟ್ಟುವುದು ಎಲ್ಲಕ್ಕಿಂತ ಸುಲಭ. ಪಕ್ಕದ ಬಳೆಗೆ ಎಳೆದರೆ ಬಿಚ್ಚುವ ಜೀರುಗುಣಿಕೆ ಹಾಕಿ, ಹುಲ್ಲಿನ ಬಲೆಚೀಲ ತೂಗಿಬಿಟ್ಟರೆ ಆಯಿತು. ಈಗ ಟ್ರೈಲರ್ ಮೇಲೆ ಕೂರಿಸುವ ಸ್ಪ್ರಿಂಗ್ ತೋಳುಗಳು ಬಂದಿವೆ, ತಲೆಯ ಮೇಲಿಂದ ಹಗ್ಗ ಇಳಿಬಿಟ್ಟು ಕುದುರೆಗೆ ಒಂದಿಷ್ಟು ಸುತ್ತಾಡಲು ಜಾಗ ಕೊಡುತ್ತವೆ. ಬಳೆಗಿಂತ ಎಷ್ಟೋ ಮೇಲು, ಬೆಲೆ ಮಾತ್ರ ಕೆಲವು ನೂರು ಡಾಲರ್. ಡ್ಯೂಕ್ ರಾತ್ರಿಯಿಡೀ ಟ್ರೈಲರ್‌ನ ತಗಡಿಗೆ ಗೊರಸು ಬಡಿಯುತ್ತಿದ್ದ. ಲಾಳ ಹೊಡೆಸಿದ ಗೊರಸು, ಒಳಗೆ ಮಲಗಿದವರಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲ. (ನಮ್ಮ ಮನೆಯವರು ಅದರಲ್ಲೂ ಗೊರಕೆ ಹೊಡೆದರು.) ಬೆಳಿಗ್ಗೆ ಇಬ್ಬರ ಪಕ್ಕೆಯೂ ಚೊಕ್ಕಟ, ಒಂದು ಕಾಳು ಮರಳಿಲ್ಲ. ದಾರಿಯ ನಡುವೆ ಒಂದು ರಾತ್ರಿ ತಂಗಲು ಸಾಕು, ಅದಕ್ಕಿಂತ ಹೆಚ್ಚಿಗೆ ನಾನು ಒಪ್ಪುವುದಿಲ್ಲ. ಟ್ರಕ್ಕಿನಿಂದ ಕಳಚಿಟ್ಟ ಟ್ರೈಲರ್‌ಗಂತೂ ಕಟ್ಟಲೇಬೇಡಿ, ಬೆದರಿದ ಕುದುರೆ ಅದನ್ನು ಅಲುಗಿಸಬಲ್ಲದು.

ಬಿಡಿ ಬೇಲಿ, ಅಂದರೆ ಕಬ್ಬಿಣ ಅಥವಾ ಅಲ್ಯೂಮಿನಿಯಂನ ಜೋಡಿಸುವ ಪ್ಯಾನೆಲ್‌ಗಳು, ಕ್ಯಾಂಪಿಗೆ ಬಂದವರ ಕಣ್ಣು ಮೊದಲು ಹೋಗುವುದು ಇವುಗಳ ಮೇಲೆ. ಗೌರಿ ಇದರಲ್ಲಿ ಮಲಗಿದಷ್ಟು ಚೆನ್ನಾಗಿ ಇನ್ನೆಲ್ಲೂ ಮಲಗಿಲ್ಲ, ಕಾಲು ಚಾಚಿ, ಕತ್ತು ನೆಲಕ್ಕೆ ಹಾಕಿ. ಆದರೆ ಹಗುರದ್ದು ಎಂದು ಮಾರುವ ಹತ್ತಡಿ ಉದ್ದದ ಪ್ಯಾನೆಲ್ಲೂ ಹದಿನೆಂಟು, ಇಪ್ಪತ್ತು ಕಿಲೋ ತೂಗುತ್ತದೆ. ಇಬ್ಬರಿಗೆ ಬೇಕಾದಷ್ಟನ್ನು ಟ್ರೈಲರ್ ಪಕ್ಕಕ್ಕೆ ನೇತುಹಾಕಿ ಹೆದ್ದಾರಿಯಲ್ಲಿ ಹೋದರೆ ದಾರಿಯುದ್ದಕ್ಕೂ ಗಡಗಡ. ಮರಗಳ ನಡುವೆ ಚೌಕ ಜಾಗ ಸಿಗುವುದೇ ಕಷ್ಟ, ಸಿಕ್ಕರೆ ಅದು ಇಳಿಜಾರು. ಇಷ್ಟೆಲ್ಲ ಮಾಡಿ ನಿಲ್ಲಿಸಿದ ಮೇಲೂ ಪ್ಯಾನೆಲ್ ನೆಲದಲ್ಲಿ ಊರಿದ್ದಲ್ಲ, ಸುಮ್ಮನೆ ನಿಂತದ್ದು. ಡ್ಯೂಕ್ ಪೃಷ್ಠ ಉಜ್ಜಿಕೊಳ್ಳಲು ಒರಗಿದಾಗ ಇಡೀ ಕೊಟ್ಟಿಗೆ ಎರಡಡಿ ಜರುಗಿತು. ಒಂದು ಬದಿಯನ್ನಾದರೂ ಟ್ರೈಲರ್‌ಗೆ ಬಿಗಿಯಬೇಕು. ಹೊರಳಾಡುವಾಗ ಕೆಳಗಿನ ಕಂಬಿಯಡಿ ಕಾಲು ಸಿಕ್ಕಿಕೊಳ್ಳುವ ಭಯ ಬೇರೆ. ಒಂದೇ ಕ್ಯಾಂಪಿನಲ್ಲಿ ವಾರ ಕೂರುವವರಿಗೆ ಸರಿ. ದಿನ ಬಿಟ್ಟು ದಿನ ಜಾಗ ಬದಲಿಸುವ ನಮ್ಮಂಥವರಿಗೆ ಬೆನ್ನು ಮುರಿಯುವ ಕೆಲಸ.

ಕಾಲಿಗೆ ಹಾಬಲ್ ಹಾಕುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಮುಂಗಾಲಿಗೆ ಚರ್ಮದ ಪಟ್ಟಿ ಬಿಗಿದರೆ ಕುದುರೆ ಸಣ್ಣ ಹೆಜ್ಜೆಯಲ್ಲಿ ಮೇಯುತ್ತ ತಿರುಗುತ್ತದೆ. ಅಮೆರಿಕದ ಪಶ್ಚಿಮದ ಬೆಟ್ಟಗಳ ಹುಲ್ಲುಗಾವಲಿಗೆ ಹೇಳಿ ಮಾಡಿಸಿದ್ದು. ಇಲ್ಲಿನ ಪೈನ್ ಮರಗಳ ಕೆಳಗೆ ಮೇಯಲು ಸಿಗುವುದು ಹುಲ್ಲಿಗಿಂತ ಹೆಚ್ಚು ಬ್ರಾಕನ್ ಜರಿಗಿಡ, ಅದು ಕುದುರೆಗೆ ವಿಷ. ಚುರುಕಾದ ಕುದುರೆ ಎರಡೂ ಮುಂಗಾಲು ಒಟ್ಟಿಗೆ ಎತ್ತಿ ಹಾಕಿ ಕುಪ್ಪಳಿಸುವುದನ್ನು ಬೇಗ ಕಲಿಯುತ್ತದೆ, ಆಮೇಲೆ ಹಾಬಲ್ ಇದ್ದೂ ಇಲ್ಲದಂತೆ. ಹಗಲು ಕಣ್ಣೆದುರಿಗೆ ಅರ್ಧ ಗಂಟೆ ಸರಿ, ರಾತ್ರಿಗೆ ಬೇಡ.

ಇನ್ನುಳಿದ ಎರಡರ ನಡುವೆಯೇ ನಿಜವಾದ ಪೈಪೋಟಿ.

ವಿದ್ಯುತ್ ಬೇಲಿ ಹಗುರ. ತುಳಿದು ಊರುವ ಪ್ಲಾಸ್ಟಿಕ್ ಗೂಟಗಳು, ತಂತಿಯೆಳೆ ನೇಯ್ದ ಪಟ್ಟಿ, ಬ್ಯಾಟರಿಯ ಪುಟ್ಟ ಯಂತ್ರ, ಎಲ್ಲ ಒಂದು ಚೀಲದಲ್ಲಿ ಹಿಡಿಸುತ್ತದೆ. ಇಬ್ಬರಿಗೂ ಧಾರಾಳ ಜಾಗ ಸಿಗುತ್ತದೆ, ನೆಲ ಒಂದೇ ಕಡೆ ಕೆದರಿಹೋಗುವುದಿಲ್ಲ, ಲದ್ದಿ ಹರಡಿರುತ್ತದೆ, ಪಕ್ಕೆಯ ಮೇಲೆ ಮರಳಿರುತ್ತದೆ. ಮನೆಯ ಹುಲ್ಲುಗಾವಲಿನಲ್ಲಿ ಒಮ್ಮೆ ಮೂಗು ತಾಗಿಸಿ ಪಾಠ ಕಲಿತ ಕುದುರೆ ಅದರ ಹತ್ತಿರ ಸುಳಿಯುವುದಿಲ್ಲ.

ಆದರೆ ಈ ಸೀಮೆಯ ನೆಲ ಅದಕ್ಕೆ ಒಗ್ಗುವುದಿಲ್ಲ. ಯಂತ್ರದಿಂದ ಹೊರಟ ಕರೆಂಟು ಪಟ್ಟಿಯಿಂದ ಕುದುರೆಯ ಮೈಗೆ, ಅಲ್ಲಿಂದ ಗೊರಸಿನ ಮೂಲಕ ನೆಲಕ್ಕೆ, ನೆಲದಿಂದ ಅರ್ಥಿಂಗ್ ಸರಳಿಗೆ ವಾಪಸು ಬಂದರೆ ಮಾತ್ರ ಚುರುಕು ಮುಟ್ಟುವುದು. ಮಿಷಿಗನ್‌ನ ಉತ್ತರ ಭಾಗ ಹಿಮನದಿಗಳು ಸುರಿದುಹೋದ ಮರಳು. ಕಲ್ಕಾಸ್ಕಾ ಮರಳು ಎಂಬುದೇ ಇಲ್ಲಿನ ರಾಜ್ಯ ಮಣ್ಣು, 1990ರಲ್ಲಿ ಆ ಪಟ್ಟ ಕೊಟ್ಟರು. ಒಣಗಿದ ಮರಳಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಮನೆಯಲ್ಲಿ ಐದು ಸಾವಿರ ವೋಲ್ಟ್ ತೋರಿಸುವ ಬೇಲಿ ಗೂಸ್ ಕ್ರೀಕ್‌ನಲ್ಲಿ ಆಗಸ್ಟ್ ಕೊನೆಯ ಒಣ ದಿನಗಳಲ್ಲಿ ಸುಮ್ಮನೆ ಅಲಂಕಾರಕ್ಕೆ ಕಟ್ಟಿದ ರಿಬ್ಬನ್. ಸರಳಿನ ಸುತ್ತ ಬಕೆಟ್ ನೀರು ಸುರಿದರೆ ಆ ತುದಿ ಸುಧಾರಿಸುತ್ತದೆ, ಕುದುರೆಯ ಗೊರಸಿನ ಕೆಳಗಿನ ಮರಳು ಒಣಗಿಯೇ ಇರುತ್ತದೆ. ಇದಕ್ಕೆ ಮದ್ದು ಇದೆ: ಎರಡು ಪಟ್ಟಿ ಕಟ್ಟಿ, ಒಂದಕ್ಕೆ ಕರೆಂಟು ಕೊಟ್ಟು ಇನ್ನೊಂದನ್ನು ಅರ್ಥಿಂಗ್‌ಗೆ ಜೋಡಿಸುವುದು. ಎರಡೂ ಒಟ್ಟಿಗೆ ತಾಗಿದರೆ ನೆಲದ ಹಂಗಿಲ್ಲದೆ ಹೊಡೆಯುತ್ತದೆ. ಕುದುರೆ ಒಂದಕ್ಕೆ ಮಾತ್ರ ಮೂಗು ಚಾಚಿದರೆ ಮತ್ತೆ ಅದೇ ಕಥೆ.

ಎರಡನೆಯ ತೊಂದರೆ ಇನ್ನೂ ದೊಡ್ಡದು. ಪಟ್ಟಿ ಕುದುರೆಯನ್ನು ತಡೆಯುವುದು ಅದರ ಬುದ್ಧಿ ನೆಟ್ಟಗಿರುವ ತನಕ. ಪಿಜನ್ ರಿವರ್ ಕಂಟ್ರಿಯಲ್ಲಿ ಎಲ್ಕ್‌ಗಳಿವೆ, ನಮ್ಮ ಕಡವೆಗಿಂತ ದೊಡ್ಡ ಗಾತ್ರದ ಜಿಂಕೆ. ಮಿಷಿಗನ್‌ನ ಮೂಲ ಎಲ್ಕ್‌ಗಳು ಬೇಟೆಯಲ್ಲಿ ಅಳಿದ ಮೇಲೆ 1918ರಲ್ಲಿ ಪಶ್ಚಿಮದಿಂದ ಏಳನ್ನು ತಂದು ಬಿಟ್ಟರು, ಈಗಿನ ಹಿಂಡು ಅವುಗಳ ಸಂತತಿ. ಸೆಪ್ಟೆಂಬರ್ ಅವುಗಳಿಗೆ ಬೆದೆಯ ಕಾಲ. ಗಂಡು ಕೂಗಿದರೆ ತೆಳುವಾದ ಸಿಳ್ಳೆಯಾಗಿ ಏರಿ ಕೊನೆಗೆ ಗಂಟಲ ಗುಟುರಿನಲ್ಲಿ ಮುಗಿಯುತ್ತದೆ. ಮನುಷ್ಯರು ಅದನ್ನು ಕೇಳಲೆಂದೇ ದೂರದಿಂದ ಬರುತ್ತಾರೆ. ಡ್ಯೂಕ್‌ಗೆ ಆ ರಸಿಕತೆ ಇಲ್ಲ. ಎಲ್ಕ್ ಹಿಲ್‌ನಲ್ಲಿ ನಡುರಾತ್ರಿ ಹತ್ತಿರದಲ್ಲೇ ಒಂದು ಕೂಗಿದ್ದೇ, ಪಟ್ಟಿ ಗೂಟಗಳನ್ನೆಲ್ಲ ಎದೆಗೆ ಸುತ್ತಿಕೊಂಡು ನಾಗಾಲೋಟ ಕಿತ್ತ. ಸಿಕ್ಕಿದ್ದು ಕ್ಯಾಂಪಿನ ಇನ್ನೊಂದು ತುದಿಯಲ್ಲಿ, ಅಪರಿಚಿತ ಕುದುರೆಗಳ ನಡುವೆ, ತಾನೂ ಅವರ ಮನೆಯವನೇ ಅನ್ನುವಂತೆ. ಕುದುರೆ ಓಡಿದರೆ ಕಾಡಿನ ಆಳಕ್ಕಲ್ಲ, ಸಾಮಾನ್ಯವಾಗಿ ಬೇರೆ ಕುದುರೆಗಳ ಕಡೆಗೇ. ಗೌರಿ ಬೇಲಿ ಬಿದ್ದದ್ದು ತನಗೆ ಸಂಬಂಧವಿಲ್ಲದಂತೆ ಅಲ್ಲೇ ಹುಲ್ಲು ತಿನ್ನುತ್ತಿದ್ದಳು. ಹಾಲ್ಟರ್‌ಗೆ, ಅಂದರೆ ಕುದುರೆಯ ಮುಖಕ್ಕೆ ಹಾಕುವ ಪಟ್ಟಿಗೆ, ಫೋನ್ ನಂಬರಿನ ಬಿಲ್ಲೆ ಕಟ್ಟಿಡುವುದು ಇಂಥ ರಾತ್ರಿಗಾಗಿಯೇ.

ಹೈಲೈನ್ ಅಂದರೆ ಎರಡು ಮರಗಳ ನಡುವೆ ತಲೆಗಿಂತ ಎತ್ತರದಲ್ಲಿ ಬಿಗಿದ ಹಗ್ಗ, ಅದರಿಂದ ಇಳಿಬಿಟ್ಟ ಕಣ್ಣಿ. ಸಾಮಾನೆಲ್ಲ ಸೇರಿ ನೂರು ಡಾಲರ್ ಒಳಗೆ ಮುಗಿಯುತ್ತದೆ. ಹಗ್ಗ ಏಳಡಿಗಿಂತ ಕೆಳಗಿರಬಾರದು, ಬಕೆಟ್ ಬೋರಲು ಹಾಕಿ ಹತ್ತಿ ಕಟ್ಟುತ್ತೇನೆ. ನೈಲಾನ್ ಹಿಗ್ಗುತ್ತದೆ, ಸಂಜೆ ಬಿಗಿದದ್ದು ಬೆಳಿಗ್ಗೆ ಜೋಲಿ ಬಿದ್ದಿರುತ್ತದೆ, ಪಾಲಿಯೆಸ್ಟರ್ ಕೊಳ್ಳಿ. ಮರಕ್ಕೆ ಹಗ್ಗವನ್ನು ನೇರ ಸುತ್ತಿದರೆ ತೊಗಟೆ ಸುಲಿಯುತ್ತದೆ, ಎರಡು ಮೂರು ಇಂಚು ಅಗಲದ ಪಟ್ಟಿ ಹಾಕಿ ಅದಕ್ಕೆ ಹಗ್ಗ ಕಟ್ಟಬೇಕು. ಕಣ್ಣಿ ಕಟ್ಟುವಲ್ಲಿ ತಿರುಗುವ ಬಳೆ ಇಲ್ಲದಿದ್ದರೆ ಕುದುರೆ ಸುತ್ತು ಹಾಕಿದಂತೆ ಹಗ್ಗ ಹುರಿಗೊಂಡು ಚಿಕ್ಕದಾಗುತ್ತದೆ. ಎರಡು ಕುದುರೆಗಳ ನಡುವೆ ಹನ್ನೆರಡು ಅಡಿ, ಮರದಿಂದ ಏಳೆಂಟು ಅಡಿ ಬಿಡುತ್ತೇನೆ. ಹೊಳೆಯಿಂದ ಇನ್ನೂರು ಅಡಿಯಾದರೂ ದೂರ. ಕೆಲವು ಕಡೆ ಮರಕ್ಕೆ ಕಟ್ಟುವುದಕ್ಕೇ ನಿಷೇಧ ಇರುತ್ತದೆ, ನೆಟ್ಟ ಕಂಬಗಳನ್ನೇ ಬಳಸಬೇಕು, ಮೊದಲು ಕ್ಯಾಂಪಿನ ಫಲಕ ಓದಿ.

ಯಾವ ಮರ ಎಂಬುದು ಎಲ್ಲಕ್ಕಿಂತ ಮುಖ್ಯ. ಗ್ರೇಲಿಂಗ್ ಊರಿನ ಸುತ್ತಮುತ್ತ ಜ್ಯಾಕ್ ಪೈನ್ ಹೆಚ್ಚು. ಕರ್ಟ್‌ಲ್ಯಾಂಡ್ಸ್ ವಾರ್ಬ್ಲರ್ ಎಂಬ ಅಪರೂಪದ ಹಕ್ಕಿಗೆ ಅದರ ಎಳೆಯ ತೋಪೇ ಬೇಕು, ನನಗೆ ಮಾತ್ರ ಆ ಸಣಕಲು ಮರ ಕಂಡರಾಗದು, ಡ್ಯೂಕ್ ಜಗ್ಗಿದರೆ ಬಾಗುತ್ತದೆ. ಎಂಟು ಇಂಚಿಗಿಂತ ದಪ್ಪದ ಕೆಂಪು ಪೈನ್ ಅಥವಾ ಓಕ್ ಹುಡುಕುತ್ತೇನೆ. ರೆಡ್ ಮೇಪಲ್ ಹತ್ತಿರ ಸುಳಿಯುವುದಿಲ್ಲ: ಅದರ ಬಾಡಿದ ಎಲೆ ತಿಂದರೆ ಕುದುರೆಯ ಕೆಂಪು ರಕ್ತಕಣಗಳು ಒಡೆದು ಸಾವೂ ಬರಬಹುದು. ಕಾಡು ಚೆರ್ರಿಯ ಬಾಡಿದ ಎಲೆಯಲ್ಲಿ ಸಯನೈಡ್ ಹುಟ್ಟುತ್ತದೆ. ರಾತ್ರಿಯೆಲ್ಲ ಬೇಸರದಿಂದ ನಿಂತ ಕುದುರೆ ಬಾಯಿಗೆ ಎಟುಕಿದ್ದನ್ನು ತಿನ್ನದೆ ಬಿಡುವುದಿಲ್ಲ, ಗಾಳಿಗೆ ಮುರಿದು ಬಿದ್ದ ಕೊಂಬೆಯನ್ನಂತೂ ಮೊದಲು.

ಎಲ್ಕ್ ಕೂಗಿದರೂ ಹೈಲೈನ್‌ನಲ್ಲಿ ಡ್ಯೂಕ್ ಇದ್ದಲ್ಲೇ ಇರುತ್ತಾನೆ. ಜಗ್ಗುತ್ತಾನೆ, ಹಗ್ಗ ತಲೆಯ ಮೇಲಿಂದ ತುಸು ಬಿಟ್ಟುಕೊಡುತ್ತದೆ, ಹೋರಾಡಲು ಎದುರಿಗೆ ಏನೂ ಸಿಗದೆ ಸುಮ್ಮನಾಗುತ್ತಾನೆ. ತೊಂದರೆ ಇರುವುದು ನಿದ್ದೆಯಲ್ಲಿ. ಕಣ್ಣಿಯ ಕೊಕ್ಕೆ ನೆಲದಿಂದ ಎರಡಡಿ ಮೇಲೆ ನಿಲ್ಲುವಂತೆ ಕಟ್ಟಿದರೆ ಕುದುರೆ ಎದೆಯೂರಿ ಮಲಗಬಹುದು. ಇನ್ನೂ ಉದ್ದ ಬಿಟ್ಟರೆ ಮುಂಗಾಲು ಹಗ್ಗ ದಾಟಿ ಸಿಕ್ಕಿಕೊಳ್ಳುತ್ತದೆ, ಮೋಟು ಮಾಡಿದರೆ ನಿಂತೇ ಬೆಳಗು. ಗೌರಿ ಈ ಅಳತೆಯಲ್ಲಿ ಮಲಗುತ್ತಾಳೆ. ಡ್ಯೂಕ್ ಮಲಗುವುದಿಲ್ಲ, ಮುಂಗಾಲಿನಿಂದ ನೆಲ ಕೆರೆಯುತ್ತಾನೆ, ಬೆಳಿಗ್ಗೆ ಹೊರಡುವ ಮುಂಚೆ ಆ ಗುಂಡಿ ಮುಚ್ಚಿ ಪೈನ್ ಎಲೆ ಹರಡುವುದು ನನ್ನ ಪಾಲಿಗೆ ಬಂದ ಕೆಲಸ.

ಹೀಗೆ ಒಂದರಲ್ಲಿ ನಿದ್ದೆ, ಇನ್ನೊಂದರಲ್ಲಿ ಭದ್ರತೆ. ಬಹಳ ದಿನ ಇವೆರಡರಲ್ಲಿ ಯಾವುದನ್ನು ಬಿಡುವುದು ಎಂದೇ ಲೆಕ್ಕ ಹಾಕುತ್ತಿದ್ದೆವು. ಆದರೆ ಕುದುರೆಯ ಗಾಢ ನಿದ್ದೆ ರಾತ್ರಿಯೇ ಆಗಬೇಕೆಂದೇನೂ ಇಲ್ಲ, ದಿನದ ಯಾವ ಹೊತ್ತಾದರೂ ನಡೆಯುತ್ತದೆ. ಈಗ ಬೆಳಗಿನ ಸವಾರಿ ಮುಗಿಸಿ ಬಂದು ಮಧ್ಯಾಹ್ನ ಇಬ್ಬರನ್ನೂ ವಿದ್ಯುತ್ ಪಟ್ಟಿಯೊಳಗೆ ಬಿಡುತ್ತೇವೆ. ನಾವು ಅಲ್ಲೇ ಕುರ್ಚಿ ಹಾಕಿ ಕೂತಿರುತ್ತೇವೆ, ಎಲ್ಕ್ ಕೂಗು ಹೆಚ್ಚಾಗುವುದು ಹೊತ್ತು ಮುಳುಗುವಾಗ. ಗೌರಿ ಕಾವಲು ನಿಂತರೆ ಡ್ಯೂಕ್ ಮಲಗುತ್ತಾನೆ, ಪಕ್ಕದಲ್ಲಿ ಒಬ್ಬರು ಎಚ್ಚರ ಇದ್ದಾರೆಂಬ ಧೈರ್ಯ ಅವನಿಗೆ ಬೇಕು. ಕತ್ತಲಾಗುವ ಮುಂಚೆ ಹೈಲೈನ್‌ಗೆ. ಮೂರು ರಾತ್ರಿಗಿಂತ ಹೆಚ್ಚು ಉಳಿದರೂ ಡ್ಯೂಕ್ ಮಂಕಾಗುವುದು ಈಗ ಇಲ್ಲ.

ಮೊದಲ ಬಾರಿ ಹೋಗುವವರು ಹೈಲೈನನ್ನೇ ಕೊಳ್ಳಿ, ಮನೆಯ ಹಿತ್ತಲಲ್ಲೋ ಕುದುರೆ ಬಿಟ್ಟಿರುವ ಲಾಯದ ಅಂಗಳದಲ್ಲೋ ಒಂದೆರಡು ರಾತ್ರಿ ಕಟ್ಟಿ ಅಭ್ಯಾಸ ಮಾಡಿಸಿ. ಕುದುರೆಗೆ ದಿನಕ್ಕೆ ಒಂಬತ್ತು ಹತ್ತು ಕಿಲೋ ಒಣಹುಲ್ಲು, ನಲವತ್ತು ಲೀಟರ್ ತನಕ ನೀರು ಬೇಕಾಗುತ್ತದೆ, ಕೈಪಂಪಿನ ಕಸರತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸೊಳ್ಳೆಯಿಂದ ಹರಡುವ ಕುದುರೆಯ ಮಿದುಳುಜ್ವರ 2019ರಲ್ಲಿ ಈ ರಾಜ್ಯದಲ್ಲಿ ಜೋರಾಗಿತ್ತು, ಅದರ ಲಸಿಕೆ ಹಾಕಿಸದೆ ಕಾಡಿಗೆ ಕರೆದೊಯ್ಯಬೇಡಿ. ವಿದ್ಯುತ್ ಬೇಲಿಯನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ನಮ್ಮ ಪ್ಯಾನೆಲ್‌ಗಳನ್ನು ಮಾರಿಬಿಟ್ಟೆವು, ಕೊಂಡವರು ಅದರಲ್ಲಿ ಕುರಿ ಸಾಕಿದ್ದಾರೆ.