ಬಳ್ಳಾರಿಯ ಒಂದು ಹೋಟೆಲ್: 18 ವರ್ಷ ತಿಂದವನ ವಿಮರ್ಶೆ, ಈಗ 2 ಸ್ಟಾರ್

2007ರಿಂದ ಈ ಹೋಟೆಲಿನ ಗಿರಾಕಿ ನಾನು. ಹೆಸರು ಬರೆಯುವುದಿಲ್ಲ, ಎಷ್ಟಾದರೂ ಉಂಡ ಮನೆ. ಬಳ್ಳಾರಿಯ ರಾಯಲ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಎಂಟು ಟೇಬಲ್ ಹಾಕಿ ಶುರು ಮಾಡಿದವರು, ನೋಡನೋಡುತ್ತಾ ಸಿರುಗುಪ್ಪ, ಹೊಸಪೇಟೆ, ಗಂಗಾವತಿ ಅಂತ ಆರು ಕಡೆ ಬೋರ್ಡ್ ಹಾಕಿದರು. ಈಗ ಉಳಿದಿರುವುದು ಎರಡು.

ಆಗ ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ. ಬೆಳಗ್ಗೆ ಏಳಕ್ಕೆ ಹೋದರೂ ಜಾಗ ಇರುತ್ತಿರಲಿಲ್ಲ. ಲಾರಿ ಡ್ರೈವರು, ಬಿಳಿ ಅಂಗಿಯ ದಲ್ಲಾಳಿ, ಕಾಲೇಜು ಹುಡುಗರು ಎಲ್ಲ ಒಂದೇ ಟೇಬಲ್ಲಿಗೆ. ಮಂಡಕ್ಕಿ ಒಗ್ಗರಣೆ ತಟ್ಟೆ ಮೊದಲು ಬರುತ್ತಿತ್ತು, ಮಿರ್ಚಿ ಬಜ್ಜಿಗೆ ಮಾತ್ರ ಕಾಯಬೇಕು, ಯಾಕಂದ್ರೆ ಹೇಳಿದ ಮೇಲೇ ಬಾಣಲೆಗೆ ಬಿಡುತ್ತಿದ್ದರು. ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆದು, ಕೊನೆಗೆ ಪುಟಾಣಿ ಪುಡಿ ಉದುರಿಸುತ್ತಿದ್ದರು. ಮೆತ್ತಗಿರುತ್ತಿತ್ತು, ಆದರೆ ಮುದ್ದೆ ಆಗುತ್ತಿರಲಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಹೋಟೆಲ್ ಮುಳುಗಿದ್ದು ಅದರಿಂದಲೇ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲ್ಲ. ಆ ವರ್ಷ ಅರ್ಧ ಟೇಬಲ್ ಖಾಲಿ ಇದ್ದವು ನಿಜ, ಆದರೆ ತಟ್ಟೆಯಲ್ಲಿ ಏನೂ ಬದಲಾಗಿರಲಿಲ್ಲ. ಮಾಲೀಕರು ಗಲ್ಲಾದಲ್ಲೇ ಕೂತು "ಯಾಕ್ರೀ, ಇವತ್ತು ಮಿರ್ಚಿ ಬ್ಯಾಡೇನು?" ಅಂತ ಕೇಳುತ್ತಿದ್ದರು.

ಕೆಟ್ಟಿದ್ದು ಸೆಂಟ್ರಲ್ ಕಿಚನ್ ಬಂದ ಮೇಲೆ. ಹಿತ್ತಲಲ್ಲಿದ್ದ ಗ್ರೈಂಡರ್ ಎತ್ತಿಸಿ, ಊರಾಚೆ ಒಂದು ಶೆಡ್ಡಿನಲ್ಲಿ ಎಲ್ಲ ಬ್ರಾಂಚಿಗೂ ಹಿಟ್ಟು ರುಬ್ಬಿ, ಡ್ರಮ್ಮಿಗೆ ತುಂಬಿ ವ್ಯಾನಿನಲ್ಲಿ ಕಳಿಸತೊಡಗಿದರು. ಲೆಕ್ಕದಲ್ಲಿ ಸರಿಯೇ, ಆರು ಮಾಸ್ಟರ್ ಸಂಬಳ ಉಳಿಯಿತು. ಆದರೆ ಇದು ಬಳ್ಳಾರಿ ಅಲ್ವಾ? ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ವ್ಯಾನ್ ಹೊಸಪೇಟೆ ಮುಟ್ಟುವಷ್ಟರಲ್ಲಿ ಹಿಟ್ಟು ಉಕ್ಕಿ ಹುಳಿ ಆಗುತ್ತಿತ್ತು. ಅದಕ್ಕೆ ಐಸ್ ಇಟ್ಟರು. ಐಸ್ ಇಟ್ಟರೆ ಹಿಟ್ಟು ಉಬ್ಬುವುದಿಲ್ಲ, ಆಮೇಲೆ ಸೋಡಾ ಸುರಿದರು. ಇಡ್ಲಿ ದಪ್ಪಗೆ, ಸ್ವಲ್ಪ ಹಳದಿಯಾಗಿ ಬರುತ್ತಿತ್ತು, ಬಾಯಿಗಿಟ್ಟರೆ ಸೋಪಿನ ರುಚಿ. ಸಪ್ಲೈಯರ್ ಹುಡುಗನಿಗೆ ಹೇಳಿದರೆ, "ನಮ್ ಕೈಯಾಗ ಏನೈತ್ರಿ ಅಣ್ಣಾ, ಡ್ರಮ್ ಬರ್ತೈತಿ, ನಾವು ಹುಯ್ತೀವಿ" ಅಂದ.

ಜಿಎಸ್‌ಟಿ ಕಥೆ ಬೇರೆ. 2017ರ ಜುಲೈನಲ್ಲಿ ಎಸಿ ಹಾಲ್‌ಗೆ ಶೇ 18 ಇತ್ತು, ನವೆಂಬರ್ 15ರಿಂದ ಶೇ 5ಕ್ಕೆ ಇಳಿಯಿತು. ಬಿಲ್ ಕಮ್ಮಿ ಆಗುತ್ತದೆ ಅಂತ ಹೋದರೆ ದೋಸೆ ರೇಟೇ ಏರಿತ್ತು! ಶೇ 5 ಆದ ಮೇಲೆ, ಬಾಡಿಗೆ ಮೇಲೆ ಕಟ್ಟಿದ ತೆರಿಗೆಯನ್ನು ಹೋಟೆಲ್ ಕಟ್ಟುವ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುವ ಹಾಗಿಲ್ಲ ಅಂತ ಮ್ಯಾನೇಜರ್ ವಿವರಿಸಿದರು. ಅದು ನಿಜವಾದ ಕಷ್ಟವೇ, ಅದಕ್ಕೆ ನಾನು ಸ್ಟಾರ್ ಕಡಿಮೆ ಮಾಡಿಲ್ಲ. ಲಾಕ್‌ಡೌನ್‌ನಲ್ಲಿ ಮುಚ್ಚಿದ ಬ್ರಾಂಚುಗಳು ಮತ್ತೆ ತೆರೆಯಲೇ ಇಲ್ಲ.

ಹೋದ ತಿಂಗಳು ಹೋಗಿದ್ದೆ. ಒಗ್ಗರಣೆ, ಮಿರ್ಚಿ ಎರಡೂ ಒಟ್ಟಿಗೇ ಬಂದವು. ಆಗಲೇ ಅನುಮಾನ ಬಂತು. ಮುರಿದು ನೋಡಿದರೆ ಮೆಣಸಿನಕಾಯಿ ತಣ್ಣಗೆ, ಮೇಲಿನ ಹಿಟ್ಟು ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಕಾಫಿ ಮಾತ್ರ ಈಗಲೂ ಚೆನ್ನಾಗಿದೆ, ಡಿಕಾಕ್ಷನ್ ಅಲ್ಲೇ ಹಾಕುತ್ತಾರೆ. ಹೋಗುವುದಾದರೆ ಏಳೂವರೆ ಒಳಗೆ ಹೋಗಿ, ಅಷ್ಟೊತ್ತಿಗೆ ಹಿಟ್ಟು ಜಾಸ್ತಿ ಹುಳಿ ಬಂದಿರುವುದಿಲ್ಲ. ಮಿರ್ಚಿ ಬೇಕಿದ್ದರೆ ಹೊರಗೆ ಬಂದು ಎದುರಿನ ತಳ್ಳುಗಾಡಿಯಲ್ಲಿ ತಿನ್ನಿ.