ಟೌನ್‌ಸ್ಕೇಪರ್: ಕರೆಕ್ಷನ್ ಹೇಳದ ಒಂದು ಊರು (ಎರಡು ವರ್ಷ ಬಳಸಿದ ಮೇಲೆ)

ಟೌನ್‌ಸ್ಕೇಪರ್ ಅಂದರೆ ಕಂಪ್ಯೂಟರಿನಲ್ಲಿ ಸಮುದ್ರದ ಮೇಲೆ ಪುಟ್ಟ ಊರು ಕಟ್ಟುವ ಒಂದು ಆಟಿಕೆ. ಅದರ ವಿಮರ್ಶೆ ಬರೆಯೋಕೆ ಕಾರಣ ಒಂದು ಸದ್ದು. ನೀರಿನ ಮೇಲೆ ಮೌಸ್ ಒತ್ತಿದರೆ "ಪುಳಕ್" ಅಂತ ಒಂದು ಕಲ್ಲುಕಟ್ಟೆ ಏಳುತ್ತದೆ. ಅದರ ಮೇಲೆ ಇನ್ನೊಮ್ಮೆ ಒತ್ತಿದರೆ ಮತ್ತೊಂದು "ಪುಳಕ್", ಬಾಗಿಲು ಕಿಟಕಿ ಸಮೇತ ಪುಟ್ಟ ಮನೆ. ಕೂರುವ ಮೊದಲು ಮನೆ ಒಂಚೂರು ಕುಲುಕುತ್ತದೆ. ಅಷ್ಟೇ. ಎರಡು ವರ್ಷದ ಮೇಲಾಯಿತು, ಆ ಸದ್ದು ಇನ್ನೂ ಹಳಸಿಲ್ಲ.

ಟೌನ್‌ಸ್ಕೇಪರ್ ಹೊಸದೇನಲ್ಲ. ಸ್ವೀಡನ್ನಿನ ಆಸ್ಕರ್ ಸ್ಟಾಲ್‌ಬರ್ಗ್ ಮಾಡಿದ್ದು. 2020ರ ಜೂನ್‌ನಲ್ಲಿ ಪೂರ್ತಿ ಮುಗಿಯದ ಆವೃತ್ತಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಗೆ ಬಂತು, 2021ರ ಆಗಸ್ಟ್‌ನಲ್ಲಿ ಪೂರ್ತಿಯದು, ಅದೇ ಅಕ್ಟೋಬರ್‌ನಲ್ಲಿ ಫೋನಿಗೂ ಬಂತು. ವಿಡಿಯೋಗಳು ಬೇಕಾದಷ್ಟಿವೆ, ಹಾಗಾಗಿ ಏನೇನಿದೆ ಅಂತ ಪಟ್ಟಿ ಹಾಕುವುದಿಲ್ಲ. ಇದರಲ್ಲಿ ಗುರಿ ಇಲ್ಲ, ಅಂಕ ಇಲ್ಲ, ಗೆಲ್ಲೋದು ಸೋಲೋದು ಇಲ್ಲ. ಒಂದು ಸಮುದ್ರ, ಪಕ್ಕದಲ್ಲಿ ಒಂದು ಸಾಲು ಬಣ್ಣ, ಮುಗೀತು. ಗೇಮ್ ಅಂದುಕೊಂಡು ಕೊಂಡರೆ ಹತ್ತು ನಿಮಿಷಕ್ಕೆ "ಇಷ್ಟೇನಾ?" ಅನಿಸುತ್ತದೆ.

ನಾನು ಕೊಂಡಾಗ ನನಗೆ ಬೇಕಾಗಿದ್ದೂ ಅಷ್ಟೇ. ಶಿವಮೊಗ್ಗದಲ್ಲಿ ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್, ಬಿಲ್‌ಬುಕ್ಕು, ಶ್ರದ್ಧಾಂಜಲಿ, ಎಲ್ಲ ಮಾಡುತ್ತೇವೆ. 2023ರ ಏಪ್ರಿಲ್, ಮೇ ನೆನೆಸಿಕೊಂಡರೆ ಈಗಲೂ ಕತ್ತು ನೋಯುತ್ತದೆ. ಮೇ 10ಕ್ಕೆ ವಿಧಾನಸಭೆ ಮತದಾನ. ಕರಪತ್ರದ ಕೆಲಸ ಅಂದರೆ ಕೆಳಗೆ ಮುದ್ರಕರ ಹೆಸರು, ವಿಳಾಸ ಇರಲೇಬೇಕು, ತಪ್ಪಿದರೆ ಕೇಸು. ಅದರ ಮೇಲೆ ಮದುವೆ ಸೀಸನ್. ಅದರ ಮೇಲೆ ಶಾಲೆಗಳ ಅಡ್ಮಿಷನ್ ಪ್ಯಾಂಪ್ಲೆಟ್.

ಗಿರಾಕಿಗಳು ಮ್ಯಾಟರ್ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದು ಯೂನಿಕೋಡ್, ಅಂದರೆ ಈಗ ಫೋನುಗಳಲ್ಲಿ ಬಳಸುವ ಅಕ್ಷರ ಸಂಕೇತ. ಡಿಸೈನ್ ಮಾಡುವ ನಮ್ಮ ಹಳೇ ಕೋರಲ್‌ಡ್ರಾ ಸಾಫ್ಟ್‌ವೇರಿಗೆ ಅದನ್ನು ನುಡಿ ಅನ್ನುವ ಕನ್ನಡ ಫಾಂಟಿಗೆ ಕನ್ವರ್ಟ್ ಮಾಡಬೇಕು. ಮಾಡಿದರೆ ಎಲ್ಲೋ ಒಂದು ಅರ್ಕಾವತ್ತು ಜಾಗ ಬಿಟ್ಟಿರುತ್ತದೆ, ಹುಡುಕಿ ಕೂರಿಸಬೇಕು. ಪ್ರೂಫ್ ಕಳಿಸಿದ ಕೂಡಲೇ ಕರೆಕ್ಷನ್ ಶುರು. "ಅಕ್ಕಾ, ಗಣಪತಿ ಸ್ವಲ್ಪ ಮೇಲೆ ಹೋಗಲಿ." "ಅಕ್ಕಾ, ಮಾವನ ಹೆಸರು ದೊಡ್ಡದಾಯ್ತು, ಚಿಕ್ಕಪ್ಪ ಬೇಜಾರು ಮಾಡ್ಕೊಂಡಿದ್ದಾರೆ." ಎಲ್ಲ ಮುಗಿದ ಮೇಲೆ, "ಅಕ್ಕಾ, ಮೊದಲು ಕಳಿಸಿದ್ರಲ್ಲ, ಅದೇ ಚೆನ್ನಾಗಿತ್ತು."

ಜೂನ್‌ಗೆ ಕೆಲಸ ಕಡಿಮೆಯಾಯಿತು. ನಾನು ಮಾತ್ರ ಸರಿಹೋಗಲಿಲ್ಲ. ಖಾಲಿ ಪೇಜ್ ತೆರೆದರೆ ಕೈ ಓಡುತ್ತಿರಲಿಲ್ಲ. ಹಳೇ ಫೈಲ್ ತೆಗೆದು ಹೆಸರು ಬದಲಾಯಿಸಿ ಕಳಿಸುತ್ತಿದ್ದೆ. ಬಾಗಿಲ ಮುಂದೆ ರಂಗೋಲಿ ಹಾಕೋದು ನನಗೆ ಬಲು ಇಷ್ಟದ ಕೆಲಸ, ಅದಕ್ಕೂ ಎರಡು ಗೆರೆ ಎಳೆದು ಎದ್ದುಬಿಡುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ವಿವರವಾಗಿ ಹೇಳಿತ್ತಲ್ಲ, ಅದು ಕಾಯಿಲೆ ಅಲ್ಲ, ಕೆಲಸದಿಂದ ಬರುವ ಸ್ಥಿತಿ ಅಂತ. ಅದರಲ್ಲಿ ಮೂರು ಲಕ್ಷಣ: ಶಕ್ತಿ ಪೂರ್ತಿ ಸೋರಿಹೋಗೋದು, ಕೆಲಸ ಅಂದರೆ ತಾತ್ಸಾರ, ಮಾಡಿದ್ದು ಏನೂ ಸರಿಬರುತ್ತಿಲ್ಲ ಅನಿಸೋದು. ನನಗೆ ಮೂರೂ ಇತ್ತು.

ಮೊದಲು ಬೇರೆ ಆ್ಯಪ್‌ಗಳನ್ನು ನೋಡಿದೆ. ಹೆಸರು ಬೇಡ. ಒಂದು ಮನಸ್ಸಿನ ಡೈರಿ. ಐದು ಮುಖ ತೋರಿಸಿ ಇವತ್ತು ಯಾವುದು ಅಂತ ಕೇಳುತ್ತದೆ. ಶುರುವಿನಲ್ಲಿ ಪರವಾಗಿಲ್ಲ ಅನಿಸಿತು. ಆಮೇಲೆ ರಾತ್ರಿ ಒಂಬತ್ತಕ್ಕೆ ನೋಟಿಫಿಕೇಶನ್: ಇವತ್ತು ಬರೆಯದಿದ್ದರೆ ನಿಮ್ಮ ಸ್ಟ್ರೀಕ್ ಮುರಿಯುತ್ತದೆ! ಸುಸ್ತಾಗಿದೆ ಅಂತ ಬಂದವರಿಗೆ ಹಾಜರಾತಿ ಪುಸ್ತಕ ಕೊಡೋದು ಯಾವ ನ್ಯಾಯ? ಇನ್ನೊಂದು ಬಣ್ಣ ತುಂಬುವ ಆ್ಯಪ್. ಪ್ರತಿ ಚಿತ್ರ ಮುಗಿದ ಮೇಲೆ ಜಾಹೀರಾತು, ಒಳ್ಳೇ ಬಣ್ಣಗಳೆಲ್ಲ ತಿಂಗಳ ಚಂದಾಗೆ. ನಂಬರ್ ನೋಡಿ ಬಣ್ಣ ತುಂಬೋದು ನನಗೆ ಅಂಗಡಿ ಕೆಲಸದ ಥರಾನೇ ಅನಿಸಿತು. ಎರಡನ್ನೂ ಕಿತ್ತುಹಾಕಿದೆ.

ಟೌನ್‌ಸ್ಕೇಪರ್ ಸಿಕ್ಕಿದ್ದು ತಂಗಿಯಿಂದ. ಬ್ರೌಸರ್‌ನಲ್ಲೇ ಪುಕ್ಕಟೆಯಾಗಿ ನಡೆಯುವ ಆವೃತ್ತಿ ಇದೆ, ಅದರ ಲಿಂಕ್ ಕಳಿಸಿದ್ದಳು. ಒಂದು ವಾರ ಅದರಲ್ಲೇ ಆಡಿ ಆಮೇಲೆ ಸ್ಟೀಮ್‌ನಲ್ಲಿ ಕೊಂಡೆ. ಒಂದೇ ಸಲ ದುಡ್ಡು. ಚಂದಾ ಇಲ್ಲ, ಜಾಹೀರಾತಿಲ್ಲ, ಒಳಗೆ ಇನ್ನೇನನ್ನೂ ಮಾರುವುದಿಲ್ಲ. ನನ್ನ ಬಜೆಟ್‌ಗೆ ಇದು ದೊಡ್ಡ ವಿಷಯ. ತಿಂಗಳಾ ತಿಂಗಳಾ ಕಟ್ಟೋದು ಕರೆಂಟ್ ಬಿಲ್ಲು, ಇಎಂಐ ಎರಡೇ ಸಾಕು.

ನನ್ನ ದಿನಚರಿ ಹೀಗಿದೆ. ಸಂಜೆ ಅಂಗಡಿ ಶಟರ್ ಅರ್ಧ ಇಳಿಸುತ್ತೇನೆ. ಹುಡುಗ ಪ್ರಿಂಟರ್ ಹೆಡ್ ಕ್ಲೀನ್ ಮಾಡುತ್ತಿರುತ್ತಾನೆ. ಫ್ಲಾಸ್ಕಿನಲ್ಲಿ ಉಳಿದ ಚಹಾ ಬಗ್ಗಿಸಿಕೊಳ್ಳುತ್ತೇನೆ. ಕೋರಲ್‌ಡ್ರಾ ಮುಚ್ಚಿ ಇದನ್ನು ತೆರೆಯುತ್ತೇನೆ. ಮೊದಲು ಬಣ್ಣ ಆರಿಸುವ ಕೆಲಸ. ಇರೋದು ಹತ್ತು ಹದಿನೈದು ಬಣ್ಣ, ಎಲ್ಲವೂ ಸ್ವಲ್ಪ ಮಾಸಿದಂಥವು. ಇಡೀ ದಿನ ಫ್ಲೆಕ್ಸಿನ ಅರಿಶಿನ, ಕುಂಕುಮ, ನೀಲಿ ನೋಡಿದ ಕಣ್ಣಿಗೆ ಅದೇ ಒಂದು ಆರಾಮ. ಆ ದಿನ ಯಾವ ಬಣ್ಣಕ್ಕೆ ಕೈ ಹೋಗುತ್ತದೋ ಅದರಲ್ಲೇ ಶುರು. ಮೊದಲ ತಿಂಗಳು ನಾನು ಕಟ್ಟಿದ್ದೆಲ್ಲ ಬೂದು ಮನೆಗಳೇ. ಯಾಕೆ ಬೂದು ಅಂತ ಯಾರೂ ಕೇಳಲಿಲ್ಲ. ಐದು ಮುಖದ ಡೈರಿಯಲ್ಲಿ ಹೇಳೋಕಾಗದ್ದನ್ನು ಅಲ್ಲಿ ಹೇಳಿದ್ದೆ ಅಂತ ಈಗ ಅನಿಸುತ್ತದೆ.

ಎಡ ಕ್ಲಿಕ್ ಕಟ್ಟುತ್ತದೆ, ಬಲ ಕ್ಲಿಕ್ ಕೆಡವುತ್ತದೆ. ಉಳಿದದ್ದೆಲ್ಲ ಅದರ ಜವಾಬ್ದಾರಿ. ಪಕ್ಕದಲ್ಲಿ ಒಂದು ಎತ್ತರ, ಒಂದು ತಗ್ಗು ಇದ್ದರೆ ಮೆಟ್ಟಿಲು ತಾನೇ ಬರುತ್ತದೆ. ಕೆಳಗಿನ ಮನೆ ಕೆಡವಿದರೆ ಮೇಲಿನದು ಬೀಳೋದಿಲ್ಲ, ಕಂಬದ ಮೇಲೋ ಕಮಾನಿನ ಮೇಲೋ ನಿಂತುಕೊಳ್ಳುತ್ತದೆ. ಇಕ್ಕಟ್ಟು ಓಣಿ ಬಿಟ್ಟರೆ ಎರಡು ಗೋಡೆ ನಡುವೆ ಬಟ್ಟೆ ಒಣಗುವ ಹಗ್ಗ. ಛಾವಣಿ ಮೇಲೆ ಹಕ್ಕಿ ಬಂದು ಕೂರುತ್ತವೆ, ಅಲ್ಲೇ ಇನ್ನೊಂದು ಮನೆ ಹಾಕಿದರೆ ಪುರ್ರನೆ ಹಾರುತ್ತವೆ.

ಇದರ ಹಿಂದಿನ ಲೆಕ್ಕಾಚಾರ 2016ರಲ್ಲಿ ಮ್ಯಾಕ್ಸಿಮ್ ಗುಮಿನ್ ಅನ್ನೋರು ಹೊರಗೆ ಬಿಟ್ಟ ಒಂದು ವಿಧಾನ. ವೇವ್ ಫಂಕ್ಷನ್ ಕೊಲ್ಯಾಪ್ಸ್ ಅಂತ ಹೆಸರು. ಸುಡೊಕು ಬಿಡಿಸಿದ್ದೀರಲ್ಲ, ಅದೇ ಥರ. ಒಂದು ಚೌಕದಲ್ಲಿ ಏನೇನು ಬರಬಹುದು ಅಂತ ಎಲ್ಲ ಸಾಧ್ಯತೆ ಇಟ್ಟುಕೊಂಡು, ಅಕ್ಕಪಕ್ಕದ ಚೌಕ ನೋಡಿ ಒಂದೊಂದೇ ಹೊಡೆದುಹಾಕುತ್ತಾ, ಉಳಿದದ್ದನ್ನು ಕೂರಿಸುತ್ತದೆ. ಹಾಗಾಗಿ ಎಲ್ಲೂ ಅರ್ಧಂಬರ್ಧ ಅನಿಸೋದಿಲ್ಲ. ಸುಸ್ತಾದವರಿಗೆ ಇದಕ್ಕಿಂತ ಉಪಕಾರ ಇಲ್ಲ. ನನ್ನ ಕೈಲಿ ಆಗುತ್ತಿದ್ದದ್ದು ಕಾಲುಭಾಗ ಕೆಲಸ. ಮುಕ್ಕಾಲು ಅದೇ ಮಾಡಿ, ಮಾಡಿದವರು ನೀವೇ ಅನ್ನುವ ಹಾಗೆ ಮುಂದಿಡುತ್ತಿತ್ತು.

ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 39 ಜನರಿಗೆ 45 ನಿಮಿಷ ಕೊಟ್ಟು, ಇಷ್ಟ ಬಂದ ಕಲಾಕೃತಿ ಏನಾದರೂ ಮಾಡಿ ಅಂದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು. ಮೊದಲು ಕಲೆ ಕಲಿತಿದ್ದರೋ ಇಲ್ಲವೋ ಅನ್ನೋದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ. ಆದರೆ ಅವರಿಗೆ ಕೊಟ್ಟಿದ್ದು ಜೇಡಿಮಣ್ಣು, ಮಾರ್ಕರ್, ಕಾಗದ. ಮೌಸ್ ಅಲ್ಲ. ಹಾಗಾಗಿ ಇದನ್ನು ತೋರಿಸಿ ಟೌನ್‌ಸ್ಕೇಪರ್ ಔಷಧಿ ಅಂತ ಮಾರೋಕೆ ನಾನು ಹೊರಟಿಲ್ಲ. ನಿದ್ದೆ ಬರದಿದ್ದರೆ, ಮನಸ್ಸು ತೀರಾ ಕುಗ್ಗಿದ್ದರೆ ಡಾಕ್ಟರ ಹತ್ತಿರ ಹೋಗಿ.

ಮೊದಲ ಮಳೆಗಾಲ ಹೀಗೇ ಕಳೆಯಿತು. ಆಮೇಲೆ ಕಿರಿಕಿರಿ ಶುರುವಾಯಿತು.

ಒಂದು ಸಂಜೆ ನಮ್ಮ ಅಜ್ಜಿ ಮನೆ ಕಟ್ಟೋಣ ಅನಿಸಿತು. ತೀರ್ಥಹಳ್ಳಿ ಕಡೆಯ ತೊಟ್ಟಿಮನೆ. ನಾಲ್ಕೂ ಕಡೆ ಜಗಲಿ, ನಡುವೆ ಮಳೆನೀರು ಬೀಳುವ ಅಂಗಳ, ಬಿಸಿಲಿದ್ದಾಗ ಅಲ್ಲೇ ಅಡಿಕೆ ಹರವೋದು. ಇದು ಈ ಊರಿಗೆ ಹೇಳಿ ಮಾಡಿಸಿದ ಆಕಾರ ಅಲ್ವಾ? ಚೌಕವಾಗಿ ಮನೆ ಸುತ್ತಿಸಿ, ನಡುವೆ ಕಟ್ಟೆ ಬಿಟ್ಟೆ. ಕೊನೇ ಗೋಡೆ ಮುಚ್ಚಿದ್ದೇ ತಡ, ಅಂಗಳದ ತುಂಬ ಹಸಿರು ಹುಲ್ಲು! ಜೊತೆಗೆ ಪೊದೆ. ಸುತ್ತ ಮುಚ್ಚಿದ ಜಾಗ ಅಂದರೆ ತೋಟ ಅನ್ನೋದು ಅದರ ನಿಯಮ. ಒಂದು ಗೋಡೆ ತೆಗೆದರೆ ಹುಲ್ಲು ಹೋಗುತ್ತದೆ, ತೊಟ್ಟಿಯೂ ಹೋಗುತ್ತದೆ. ತೆಗೆದೆ, ಹಾಕಿದೆ, ತೆಗೆದೆ. ಅಡಿಕೆ ಹರವೋಕೆ ಒಂದಿಷ್ಟು ಬರಿ ನೆಲ ಕೊಡಪ್ಪಾ ಅಂದರೆ ಕೊಡೋದಿಲ್ಲ.

ಅಲ್ಲಿಂದ ಎಲ್ಲವೂ ಕಣ್ಣಿಗೆ ಚುಚ್ಚತೊಡಗಿತು. ಬಾಗಿಲು ಎಲ್ಲಿ ಅನ್ನೋದು ಅದರ ಇಷ್ಟ. ಪೂರ್ವಕ್ಕೆ ಬಾಗಿಲು ಬೇಕು ಅನ್ನುವ ನಮ್ಮ ವಾಸ್ತು ಗಿರಾಕಿಗಳು ಇಲ್ಲಿ ಒಂದು ದಿನ ಬಾಳಲಾರರು. ಬಿಸಿಲಿನ ದಿಕ್ಕು ತಿರುಗಿಸಬಹುದು, ಮಳೆ ತರೋಕಾಗೋದಿಲ್ಲ. ಹೊರಗೆ ಶಿವಮೊಗ್ಗದ ಜುಲೈ, ಒಳಗೆ ವರ್ಷಪೂರ್ತಿ ತಿಳಿಬಿಸಿಲು. ಬಟ್ಟೆ ಒಣಗುತ್ತದೆ, ಒಣಗಿಸಿದವರು ಇಲ್ಲ, ಇಡೀ ಊರಲ್ಲಿ ಒಂದು ಮನುಷ್ಯಪ್ರಾಣಿ ಇಲ್ಲ. ಗಿರಾಕಿಗಳಿಂದ ತಪ್ಪಿಸಿಕೊಂಡು ಬಂದಾಗ ಅದೇ ಸುಖ ಅನಿಸಿತ್ತು. ಈಗ ಒಬ್ಬ ಹೂವಿನವನಾದರೂ ಇರಬಾರದಾ ಅನಿಸುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು, ಇಲ್ಲಿ ಕೆಟ್ಟದಾಗಿ ಏನನ್ನೂ ಮಾಡೋಕಾಗೋದಿಲ್ಲ. ಒಂದು ದಿನ ಒಬ್ಬ ಗಿರಾಕಿ ದುಡ್ಡು ಕೊಡದೆ ಸತಾಯಿಸಿದ್ದ. ಆ ರೋಷದಲ್ಲಿ ಕುಳಿತು ಬೇಕಂತಲೇ ಸೊಟ್ಟ, ವಿಕಾರ, ಒಂದರ ಮೇಲೊಂದು ಬಣ್ಣ ಗೀಚಿದ ಹಾಗೆ ಗುಡ್ಡೆ ಹಾಕಿದೆ. ಅದು ನಯವಾಗಿ ಎಲ್ಲವನ್ನೂ ಹೊಂದಿಸಿ, ಮೆಟ್ಟಿಲು ಇಟ್ಟು, ಹಕ್ಕಿ ಕೂರಿಸಿ, ಪೋಸ್ಟ್‌ಕಾರ್ಡಿಗೆ ಹಾಕುವಂಥ ಊರು ಮಾಡಿಕೊಟ್ಟಿತು. ಬಾಯಿಬಿಟ್ಟು ಕರೆಕ್ಷನ್ ಹೇಳೋದಿಲ್ಲ ಸರಿ. ಸದ್ದಿಲ್ಲದೆ ತಾನೇ ಕರೆಕ್ಷನ್ ಹಾಕಿಬಿಡುತ್ತದೆ. ಇಂಥ ಸಲಕರಣೆ ಮಾಡುವವರು ಒಂದು ಗುಂಡಿ ಇಡಬೇಕು: ಇವತ್ತು ನೀನು ಸುಮ್ನಿರು, ನಾನೇ ಮಾಡ್ತೀನಿ ಅಂತ. ಸುಸ್ತಿದ್ದಾಗ ಕೈಹಿಡಿದು ನಡೆಸಿದ್ದು ಸರಿ. ಕಾಲು ಬಂದ ಮೇಲೂ ಬಿಡದಿದ್ದರೆ ಹೇಗೆ?

ಆ ತೊಟ್ಟಿಮನೆಯನ್ನು ಕೊನೆಗೆ ನಾನು ಬರೆದಿದ್ದು ಕಾಗದದ ಮೇಲೆ. ಅಂಗಡಿಯಲ್ಲಿ ವೇಸ್ಟ್ ಪ್ರೂಫ್‌ಗೆ ಬರವಿಲ್ಲ. ಯಾರದ್ದೋ ನಾಮಕರಣದ ಕಾರ್ಡಿನ ಹಿಂಬದಿ, ಹುಡುಗನ ಪೆನ್ಸಿಲ್. ಅಂಗಳದಲ್ಲಿ ಹುಲ್ಲಿಲ್ಲ, ಅಡಿಕೆ ಇದೆ. ಗೆರೆ ಸೊಟ್ಟಗಿದೆ. ಅದಾದ ಮೇಲೆ ಟೌನ್‌ಸ್ಕೇಪರ್ ಮೇಲಿನ ಸಿಟ್ಟೂ ಇಳಿಯಿತು, ಯಾಕೋ ಗೊತ್ತಿಲ್ಲ. ಈಗ ವಾರಕ್ಕೆ ಒಂದೆರಡು ಸಲ ತೆರೆಯುತ್ತೇನೆ. ತಿಂಗಳುಗಟ್ಟಲೆ ತೆರೆಯದಿದ್ದ ಕಾಲವೂ ಇತ್ತು. ಎಲ್ಲಿ ಹೋಗಿದ್ದೆ ಅಂತ ಅದು ಕೇಳಲಿಲ್ಲ. ಈ ಒಂದು ಗುಣಕ್ಕೆ ನಾನು ಅದರ ಹುಲ್ಲನ್ನೂ ಸಹಿಸಿಕೊಳ್ಳುತ್ತೇನೆ.

ತಂಗಿಗೂ ನನಗೂ ನಡುವೆ ಇದರಿಂದ ಒಂದು ಆಟ ಹುಟ್ಟಿಕೊಂಡಿದೆ. ಕಟ್ಟಿದ ಊರನ್ನು ಕಾಪಿ ಮಾಡಿದರೆ ಒಂದು ಸಾಲು ಅಕ್ಷರ, ಅಂಕಿ ಸಿಗುತ್ತದೆ. ಅದನ್ನು ವಾಟ್ಸಾಪ್ ಮಾಡಿದರೆ ಅವಳು ತನ್ನಲ್ಲಿ ಪೇಸ್ಟ್ ಮಾಡಿ ಅದೇ ಊರು ತೆರೆಯುತ್ತಾಳೆ, ಎರಡು ಮನೆ ಸೇರಿಸಿ ವಾಪಸ್ ಕಳಿಸುತ್ತಾಳೆ. ಮಾತಾಡೋಕೆ ತ್ರಾಣ ಇಲ್ಲದ ದಿನಗಳಲ್ಲಿ ನಮ್ಮ ಕ್ಷೇಮಸಮಾಚಾರ ಇದೇ ಆಗಿತ್ತು.

ಒಂದು ಎಚ್ಚರಿಕೆ: ಅಂಗಡಿ ಕಂಪ್ಯೂಟರಿನಲ್ಲಿ ತೆರೆದಿಟ್ಟು ಎದ್ದು ಹೋಗಬೇಡಿ. ಗೃಹಪ್ರವೇಶದ ಕಾರ್ಡಿಗೆ ಬಂದವರೊಬ್ಬರು ಪರದೆ ನೋಡಿ, "ಅಕ್ಕಾ, ಇದೇ ಮನೆ ಹಾಕಿ. ಗೋಡೆ ಮಾತ್ರ ಸ್ವಲ್ಪ ಕೇಸರಿ ಮಾಡಿ" ಅಂದರು.

ನನ್ನ ಲೆಕ್ಕ: ಕೈ ಕೆಲಸ ನಿಂತುಹೋಗಿದೆ, ಏನೂ ಬೇಡ ಅನಿಸಿದೆ ಅನ್ನುವವರಿಗೆ ಐದಕ್ಕೆ ಐದು. ಹೇಳಬೇಕಾದ್ದು ಮನಸ್ಸಿನಲ್ಲಿ ಸ್ಪಷ್ಟ ಇದೆ, ಅದನ್ನೇ ಮಾಡಬೇಕು ಅನ್ನುವವರಿಗೆ ಎರಡೂವರೆ. ಅವರು ಆ ದುಡ್ಡಿಗೆ ಒಂದು ಡ್ರಾಯಿಂಗ್ ಪುಸ್ತಕ ತಗೊಳ್ಳಲಿ. ಯಾರೇ ಆಗಲಿ, ಮೊದಲು ಬ್ರೌಸರ್ ಆವೃತ್ತಿ ತೆರೆದು ನೋಡಿ. ಸ್ಪೀಕರ್ ಆನ್ ಇರಲಿ.