ಕಾರಿನೊಳಗಿನ 230 ವೋಲ್ಟ್ ಸಾಕೆಟ್: ಕೆಲವು ವರ್ಷಗಳ ಬಳಕೆಯ ನಂತರ

ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ನಡೆಯುವ ಯಕ್ಷಗಾನ, ತಾಳಮದ್ದಳೆಗಳನ್ನು ಚಿತ್ರೀಕರಿಸಿ ಧ್ವನಿಮುದ್ರಿಸಿಕೊಡುವುದು ನನ್ನ ಕೆಲಸ. ಮಧ್ಯಾಹ್ನ ಮಾಟುಂಗದಲ್ಲಿ ತಾಳಮದ್ದಳೆ ಮುಗಿಸಿ ಸಂಜೆಗೆ ಡೊಂಬಿವಲಿಯ ಆಟಕ್ಕೆ ಹಾಜರಾಗಬೇಕಾದ ದಿನಗಳಲ್ಲಿ, ಖಾಲಿಯಾದ ಬ್ಯಾಟರಿಗಳನ್ನು ತುಂಬಿಸಿಕೊಳ್ಳಲು ಸಿಗುವ ಸಮಯವೆಂದರೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಪ್ರಯಾಣ ಮಾತ್ರ. ಈ ಕಾರಣಕ್ಕಾಗಿಯೇ ಏಳು ಆಸನಗಳ ಡೀಸೆಲ್ ವಾಹನವೊಂದನ್ನು ಕೊಳ್ಳುವಾಗ, ಕಾರ್ಖಾನೆಯಲ್ಲೇ ಇನ್ವರ್ಟರ್ ಅಳವಡಿಸಿ ಮಧ್ಯದ ಸಾಲಿನ ಮುಂದೆ 230 ವೋಲ್ಟ್ ಸಾಕೆಟ್ ಕೊಟ್ಟಿದ್ದ ಮೇಲ್ದರ್ಜೆಯ ಮಾದರಿಯನ್ನು ಆರಿಸಿಕೊಂಡೆ. ಬ್ಯಾಟರಿ ಚಾರ್ಜ್ ಮಾಡುವುದಕ್ಕೆ ಈ ಸೌಲಭ್ಯ ಬಹಳ ಚೆನ್ನಾಗಿದೆ. ಧ್ವನಿ ಉಪಕರಣಗಳನ್ನು ನೇರವಾಗಿ ನಡೆಸುವುದಕ್ಕೆ ಮಾತ್ರ ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಸಾಕೆಟ್‌ನ ಮಿತಿ 150 ವಾಟ್. ಕೇಳಲು ಕಡಿಮೆಯೆನಿಸಿದರೂ ಲೆಕ್ಕ ಹಾಕಿದರೆ ನನ್ನ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ. ಇಲ್ಲಿ ಅನೇಕರು ಅಡಾಪ್ಟರ್‌ನ ಮೇಲಿರುವ ಇನ್‌ಪುಟ್ ಸಾಲನ್ನು ಓದಿ ಗಾಬರಿಯಾಗುತ್ತಾರೆ. ‘100–240 ವೋಲ್ಟ್, 1.5 ಆಂಪಿಯರ್’ ಎಂದಿರುವುದನ್ನು 230ರಿಂದ ಗುಣಿಸಿದರೆ 345 ವಾಟ್ ಬರುತ್ತದೆ. ಆದರೆ ಆ ಆಂಪಿಯರ್ ಅತಿ ಕಡಿಮೆ ವೋಲ್ಟೇಜಿನಲ್ಲಿ ಬೇಕಾಗಬಹುದಾದ ಗರಿಷ್ಠ ಪ್ರಮಾಣ. ನೋಡಬೇಕಾದದ್ದು ಔಟ್‌ಪುಟ್ ಸಾಲನ್ನು. ನನ್ನ ಲ್ಯಾಪ್‌ಟಾಪಿನದು 19.5 ವೋಲ್ಟ್, 3.33 ಆಂಪಿಯರ್, ಅಂದರೆ ಸುಮಾರು 65 ವಾಟ್; ಅಡಾಪ್ಟರ್‌ನಲ್ಲಿ ಶಾಖವಾಗಿ ಹೋಗುವುದನ್ನು ಸೇರಿಸಿದರೂ 75ರೊಳಗೇ ಮುಗಿಯುತ್ತದೆ. ಅದರ ಜೊತೆಗೆ ಕ್ಯಾಮೆರಾ ಬ್ಯಾಟರಿಗಳ ಜೋಡಿ ಚಾರ್ಜರ್ ಸೇರಿದರೂ ಮಿತಿ ದಾಟುವುದಿಲ್ಲ. ವೇಷದ ಬಟ್ಟೆಗೆ ಇಸ್ತ್ರಿ ಹಾಕಿಕೊಳ್ಳಬಹುದೇ ಎಂದು ಕಲಾವಿದರು ಆಗಾಗ ಕೇಳುವುದುಂಟು. ಸಾಧಾರಣ ಇಸ್ತ್ರಿಪೆಟ್ಟಿಗೆಗೆ 1000 ವಾಟ್ ಬೇಕು, ಆದ್ದರಿಂದ ಆ ಮಾತೇ ಬೇಡ.

ವಾಟ್‌ಗಿಂತ ಮುಖ್ಯವಾದ ವಿಷಯ ವಿದ್ಯುತ್ತಿನ ಅಲೆಯ ಆಕಾರ. ಮನೆಗೆ ಇನ್ವರ್ಟರ್ ಕೊಂಡವರಿಗೆ ‘ಪ್ಯೂರ್ ಸೈನ್ ವೇವ್’ (ನುಣುಪಾಗಿ ಏರಿಳಿಯುವ ಅಲೆ) ಎಂಬ ಮಾತು ಪರಿಚಿತವೇ. ನನ್ನ ವಾಹನದ ಇನ್ವರ್ಟರ್ ಕೊಡುವುದು ಅದನ್ನಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ‘ಮಾಡಿಫೈಡ್ ಸೈನ್ ವೇವ್’ ಅನ್ನು. ಲ್ಯಾಪ್‌ಟಾಪ್ ಮತ್ತು ಮೊಬೈಲ್ ಚಾರ್ಜರುಗಳು ಬಂದ ಎಸಿಯನ್ನು (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು) ಮೊದಲು ಡಿಸಿಯಾಗಿ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು) ಪರಿವರ್ತಿಸಿಕೊಳ್ಳುವುದರಿಂದ ಅವುಗಳಿಗೆ ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ. ಆದರೆ ಒಳಗೆ ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಇದಕ್ಕೆ ಜೋಡಿಸಿದರೆ ಅದು ಗುಂಯ್‌ಗುಡತೊಡಗುತ್ತದೆ, ಬೇಗನೆ ಬಿಸಿಯೂ ಆಗುತ್ತದೆ. ಶ್ರುತಿಯ ಜೊತೆಗೆ ಇನ್ನೊಂದು ಸ್ವರ ಕಿವಿಗೆ ಬೀಳುವುದನ್ನು ಯಾವ ಭಾಗವತರೂ ಸಹಿಸಲಾರರು, ಸಹಿಸಬೇಕಾಗಿಯೂ ಇಲ್ಲ. ಮೈಕುಗಳ ಧ್ವನಿಯನ್ನು ಬೆರೆಸುವ ಮಿಕ್ಸರ್‌ಗೆ ಈ ಸಾಕೆಟ್‌ನಿಂದ ವಿದ್ಯುತ್ ಕೊಟ್ಟಾಗಲೂ ಮೈಕಿನ ಧ್ವನಿಯ ಹಿಂದೆ ಸಣ್ಣ ಝೇಂಕಾರ ಸೇರಿಕೊಳ್ಳುತ್ತದೆ. ಚೆಂಡೆಯ ಅಬ್ಬರದಲ್ಲಿ ಅದು ಮುಚ್ಚಿಹೋದರೂ ಅರ್ಥಗಾರಿಕೆಯ ಮೌನಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆದಕಾರಣ ಚಾರ್ಜ್ ಮಾಡುವುದು ಇನ್ವರ್ಟರಿನಿಂದ, ಧ್ವನಿಮುದ್ರಣ ಮಾಡುವುದು ಬ್ಯಾಟರಿಯಿಂದ ಎಂಬ ಕ್ರಮವನ್ನು ನಾನು ಬಿಡುವುದಿಲ್ಲ. ಸಾಕೆಟ್‌ಗೆ ಮೂರು ಪಿನ್ ಇದ್ದರೂ ರಬ್ಬರ್ ಚಕ್ರಗಳ ಮೇಲೆ ನಿಂತ ವಾಹನಕ್ಕೆ ಮನೆಯಂತೆ ನೆಲದೊಂದಿಗೆ ಅರ್ತಿಂಗ್ ಇರುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಇಂಜಿನ್ ಓಡುತ್ತಿದ್ದರೆ ಮಾತ್ರ ಸಾಕೆಟ್ ಕೆಲಸ ಮಾಡುವಂತೆ ಇದನ್ನು ರೂಪಿಸಿದ್ದಾರೆ. ಕೆಲವರಿಗೆ ಇದು ಕೊರತೆಯಾಗಿ ಕಂಡರೂ ನನಗೆ ಸರಿಯೆನಿಸುತ್ತದೆ, ಏಕೆಂದರೆ 150 ವಾಟ್ ಕೊಡಲು ಇನ್ವರ್ಟರ್ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 14–15 ಆಂಪಿಯರ್ ಎಳೆಯುತ್ತದೆ, ಮತ್ತು ಇಂಜಿನ್ ಚಾಲೂ ಮಾಡಲೆಂದೇ ಇರುವ ಬ್ಯಾಟರಿಯನ್ನು ಹಾಗೆ ಬಸಿದರೆ ಅದರ ಆಯುಷ್ಯ ಕುಗ್ಗುತ್ತದೆ. ನಿಜವಾದ ಕಿರಿಕಿರಿ ಸಿಗ್ನಲ್‌ಗಳಲ್ಲಿ ಇಂಜಿನ್ ತಾನಾಗಿ ನಿಂತು ಮತ್ತೆ ಚಾಲೂ ಆಗುವ ವ್ಯವಸ್ಥೆಯಿಂದ. ಪ್ರತಿ ಬಾರಿಯೂ ಇನ್ವರ್ಟರ್ ಕಡಿದುಹೋಗಿ ಗುಂಡಿಯನ್ನು ಮತ್ತೆ ಒತ್ತಬೇಕಾಗುವುದರಿಂದ, ಚಾರ್ಜ್ ಮಾಡುವಾಗ ಆ ವ್ಯವಸ್ಥೆಯನ್ನು ಬಂದ್ ಮಾಡಿಡುತ್ತೇನೆ. ಚಾರ್ಜಿಂಗ್‌ಗೆಂದೇ ನಿಂತಲ್ಲಿ ಇಂಜಿನ್ ಓಡಿಸುವುದು ಶುದ್ಧ ನಷ್ಟ: 60 ವಾಟ್-ಅವರ್ ಲ್ಯಾಪ್‌ಟಾಪ್ ಬ್ಯಾಟರಿ ತುಂಬಲು ಮನೆಯಲ್ಲಿ ಒಂದು ರೂಪಾಯಿಯ ವಿದ್ಯುತ್ತೂ ಬೇಕಾಗದು. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಂತೂ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಜೀವಕ್ಕೇ ಅಪಾಯ. ಅಲ್ಲಿ ಯಾರೂ ಹಾಗೆ ಮಾಡಬಾರದು.

ಈಗಿನ ಹಲವು ಲ್ಯಾಪ್‌ಟಾಪ್‌ಗಳು ಯುಎಸ್‌ಬಿ-ಸಿ ಮೂಲಕವೇ ಚಾರ್ಜ್ ಆಗುತ್ತವೆ. ಅಂಥ ಲ್ಯಾಪ್‌ಟಾಪ್ ಇರುವವರು ಕಾರಿನ 12 ವೋಲ್ಟ್ ಸಾಕೆಟ್‌ಗೆ 65 ವಾಟ್‌ನ ಪವರ್ ಡೆಲಿವರಿ (ಯುಎಸ್‌ಬಿ-ಸಿ ಮೂಲಕ ಹೆಚ್ಚು ವಾಟ್ ಕೊಡುವ) ಚಾರ್ಜರ್ ಹಾಕಿಕೊಂಡರೆ, ಡಿಸಿಯನ್ನು ಎಸಿ ಮಾಡಿ ಮತ್ತೆ ಡಿಸಿ ಮಾಡುವ ನಷ್ಟ ತಪ್ಪುತ್ತದೆ. ಲ್ಯಾಪ್‌ಟಾಪ್ ಒಂದಕ್ಕಾಗಿ ಮೇಲ್ದರ್ಜೆಯ ಮಾದರಿಗೆ ಹಣ ಸುರಿಯಬೇಕಾಗಿಲ್ಲ. ಗೋಡೆಯ ಸಾಕೆಟ್ ಬಿಟ್ಟರೆ ಬೇರೆ ದಾರಿಯಿಲ್ಲದ ಕ್ಯಾಮೆರಾ ಚಾರ್ಜರುಗಳಿರುವ ನನ್ನಂಥವರಿಗೆ ಮಾತ್ರ ಇದು ಬೆಲೆಬಾಳುವ ಸೌಲಭ್ಯ. ಹ್ಯುಂಡೈ ಅಯಾನಿಕ್ 5ರಂಥ ವಿದ್ಯುತ್ ಕಾರುಗಳಲ್ಲಿ 3.6 ಕಿಲೋವಾಟ್‌ವರೆಗೆ ಹೊರಗೆ ಕೊಡುವ ವ್ಯವಸ್ಥೆಯಿದ್ದು, ಅಲ್ಲಿ ಇಸ್ತ್ರಿಪೆಟ್ಟಿಗೆಯ ಪ್ರಶ್ನೆಗೂ ಉತ್ತರವಿದೆ. ಯಾವ ವಾಹನವಾದರೂ ಸರಿ, ಟೆಸ್ಟ್ ಡ್ರೈವ್‌ಗೆ ಹೋಗುವಾಗ ನಿಮ್ಮ ಚಾರ್ಜರುಗಳನ್ನು ಜೊತೆಗೆ ಒಯ್ದು, ಎಲ್ಲವನ್ನೂ ಒಟ್ಟಿಗೆ ಜೋಡಿಸಿ, ಇಂಜಿನ್ ಒಮ್ಮೆ ನಿಲ್ಲಿಸಿ ಚಾಲೂ ಮಾಡಿ ನೋಡಿ. ಅಲೆಯ ಆಕಾರ ಯಾವುದೆಂದು ಷೋರೂಮಿನವರಿಂದ ಬರೆಸಿಕೊಳ್ಳಿ.